ಮೋಟರ್‌ಹೋಮ್‌ನಲ್ಲಿ ತಂಗುವಾಗ ನೆರೆಯವರ ಸದ್ದನ್ನು ನಿಭಾಯಿಸುವ ಬಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ರಜೆಯಲ್ಲಿ ಮೋಟರ್‌ಹೋಮ್ (ಹಾಸಿಗೆ, ಅಡುಗೆಮನೆ ಇರುವ ಮನೆಯಂಥ ವಾಹನ) ಬಾಡಿಗೆಗೆ ಪಡೆದು, ಊರಿನಿಂದ ಬಂದ ತಂದೆತಾಯಿಯರನ್ನೂ ಕರೆದುಕೊಂಡು ಯೋಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್ ಮೊದಲಾದ ರಾಷ್ಟ್ರೀಯ ಉದ್ಯಾನಗಳಿಗೆ ಹೊರಡುವುದುಂಟು. ದಾರಿ, ಅಡುಗೆ, ನೀರು ಎಲ್ಲದರ ಲೆಕ್ಕ ಹಾಕಿಕೊಂಡವರೂ ನಿದ್ದೆಯ ವಿಚಾರವನ್ನು ಮರೆತಿರುತ್ತಾರೆ. ಮೋಟರ್‌ಹೋಮ್‌ನ ಗೋಡೆ ಎಂದರೆ ಬಹುಮಟ್ಟಿಗೆ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್‌ನ ತೆಳು ಹೊದಿಕೆ ಮತ್ತು ಅದರೊಳಗಿನ ಫೋಮ್. ಅದು ಚಳಿಯನ್ನು ಒಂದಷ್ಟು ತಡೆದೀತು, ಆದರೆ ಸದ್ದನ್ನು, ಅದರಲ್ಲೂ ಜನರೇಟರ್‌ನಂಥ ಯಂತ್ರಗಳ ಮಂದ್ರ ಸದ್ದನ್ನು, ತಡೆಯಲು ಬೇಕಾದ ತೂಕ ಅದಕ್ಕಿಲ್ಲ. ಆದ್ದರಿಂದ ಸದ್ದು ಒಳಗೆ ಬಾರದಂತೆ ಹೆಣಗುವುದಕ್ಕಿಂತ ಅದರಿಂದ ದೂರ ನಿಲ್ಲುವುದೇ ಮುಖ್ಯ, ಮತ್ತು ಅದನ್ನು ಕತ್ತಲಾಗುವ ಮೊದಲೇ ತೀರ್ಮಾನಿಸಬೇಕು.

ಜಾಗ ಕಾಯ್ದಿರಿಸುವಾಗ ಕ್ಯಾಂಪ್‌ಗ್ರೌಂಡ್‌ನ, ಅಂದರೆ ಇಂಥ ವಾಹನಗಳೂ ಡೇರೆಗಳೂ ತಂಗುವ ತಾಣದ, ನಕ್ಷೆಯನ್ನು ತೆರೆದು ನೋಡಿ. ಶೌಚಾಲಯದ ಬಾಗಿಲು ರಾತ್ರಿಯಿಡೀ ಬಡಿದುಕೊಳ್ಳುತ್ತಿರುತ್ತದೆ. ಪ್ರವೇಶದ್ವಾರದ ಬಳಿ ತಡವಾಗಿ ಬರುವವರ ವಾಹನಗಳು ಸಾಲುಗಟ್ಟುತ್ತವೆ. ತ್ಯಾಜ್ಯದ ತೊಟ್ಟಿ ಖಾಲಿ ಮಾಡುವ ಡಂಪ್ ಸ್ಟೇಷನ್ ಬಳಿ ಬೆಳಗಾಗುತ್ತಲೇ ಗದ್ದಲ ಶುರುವಾಗುತ್ತದೆ. ಲೂಪಿನ, ಅಂದರೆ ತಂಗುವ ಜಾಗಗಳ ನಡುವೆ ಸುತ್ತಿ ಬರುವ ದಾರಿಯ, ತುದಿಯಲ್ಲಿ, ಒಂದೇ ಪಕ್ಕದಲ್ಲಿ ನೆರೆಯವರಿರುವ ಜಾಗ ಸಿಕ್ಕರೆ ಅದನ್ನೇ ಹಿಡಿಯಿರಿ. ಜನರೇಟರ್‌ಗೇ ಅವಕಾಶವಿಲ್ಲದ ಸ್ಥಳಗಳೂ ಇವೆ: ಜಯಾನ್ ಉದ್ಯಾನದ ವಾಚ್‌ಮನ್ ಕ್ಯಾಂಪ್‌ಗ್ರೌಂಡ್ ಅಂಥದ್ದು, ಗ್ರ್ಯಾಂಡ್ ಕ್ಯಾನ್ಯನ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಪೈನ್ ಲೂಪ್ ಅಂಥದ್ದು. ವಯಸ್ಸಾದವರು ಜೊತೆಗಿದ್ದರೆ ನೋಟ ಚೆನ್ನಾಗಿರುವ ಜಾಗಕ್ಕಿಂತ ಇಂಥ ಜಾಗವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ವಾಹನ ನಿಲ್ಲಿಸುವ ಬಗೆಯಲ್ಲಿಯೂ ಗಮನಿಸಬೇಕಾದದ್ದಿದೆ. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಸಾಮಾನ್ಯವಾಗಿ ಬಾಗಿಲೂ ನೆರಳಿನ ಚಪ್ಪರವೂ ಬಲಗಡೆಗೆ, ವಿದ್ಯುತ್ ಮತ್ತು ನೀರಿನ ಜೋಡಣೆಗಳು ಎಡಗಡೆಗೆ ಇರುತ್ತವೆ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗಡೆಯ ನೆರೆಯವರು ಕುರ್ಚಿ ಹಾಕಿಕೊಂಡು ಹರಟುವ ಜಾಗ ನಿಮ್ಮ ಎಡಗೋಡೆಗೆ ಹತ್ತಿರವಾಗುತ್ತದೆ. ಹಾಗಾಗಿ ಮಲಗುವಾಗ ತಲೆಯನ್ನು ಬಲಗಡೆಗೆ ಹಾಕಿಕೊಂಡರೆ ಮಾತಿನ ಸದ್ದು ಸ್ವಲ್ಪವಾದರೂ ದೂರವಾಗುತ್ತದೆ. ಜೋಡಣೆಗಳಿಲ್ಲದ ಜಾಗದಲ್ಲಿ, ನಿಯಮ ಅಡ್ಡಿಯಾಗದಿದ್ದರೆ, ಹಿಂಬದಿಯ ಹಾಸಿಗೆ ಸದ್ದಿನಿಂದ ದೂರವಾಗುವಂತೆ ವಾಹನವನ್ನೇ ತಿರುಗಿಸಿ ನಿಲ್ಲಿಸಬಹುದು. ತೆರೆದ ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆಯಾದ್ದರಿಂದ, ನೆರೆಯವರು ತೀರ ಹತ್ತಿರವಿದ್ದಾಗ ಕೆಲವೇ ಅಡಿ ಹಿಂದೆ ಸರಿದರೂ ಪ್ರಯೋಜನವಿದೆ.

ಅಲ್ಲಿನ ನಿಯಮಗಳನ್ನು ಮೊದಲೇ ಓದಿಕೊಂಡಿರಿ. ಯೋಸೆಮಿಟಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಶ್ಶಬ್ದದ ವೇಳೆ. ಜನರೇಟರ್ ಓಡಿಸಲು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಮಾತ್ರ ಅವಕಾಶ. ರಾಷ್ಟ್ರೀಯ ಉದ್ಯಾನಗಳಿಗೆ ಅನ್ವಯಿಸುವ ಒಕ್ಕೂಟ ನಿಯಮದ ಪ್ರಕಾರ ಯಂತ್ರದ ಸದ್ದು 50 ಅಡಿ ದೂರದಲ್ಲಿ 60 ಡೆಸಿಬಲ್ ಮೀರುವಂತಿಲ್ಲ. ವೇಳೆಯೊಳಗೆ, ಈ ಮಿತಿ ಮೀರದೆ ಓಡುತ್ತಿರುವ ಜನರೇಟರ್ ಬಗ್ಗೆ ದೂರಲು ಬರುವುದಿಲ್ಲ, ಆದರೆ ಕೇಳಿಕೊಳ್ಳಬಹುದು.

ಕೇಳಿಕೊಳ್ಳುವುದಿದ್ದರೆ ಬೆಳಕಿರುವಾಗಲೇ ಹೋಗಿ. ಬಂದಿಳಿದ ಕೂಡಲೇ ನೆರೆಯವರನ್ನು ಮಾತನಾಡಿಸಿ, ಎಲ್ಲಿಂದ ಬಂದಿರೆಂದು ವಿಚಾರಿಸಿ, ಜೊತೆಯಲ್ಲಿ ಚಿಕ್ಕ ಮಗುವೋ ಹಿರಿಯರೋ ಇದ್ದು ಬೇಗ ಮಲಗುತ್ತಾರೆಂಬುದನ್ನು ಮಾತಿನ ನಡುವೆ ತಿಳಿಸಿಟ್ಟರೆ, ರಾತ್ರಿ ಸಂಗೀತದ ಸದ್ದು ತಗ್ಗಿಸಿರೆಂದು ಹೇಳುವುದು ಸುಲಭವಾಗುತ್ತದೆ. ಮುಖಪರಿಚಯವೇ ಇಲ್ಲದವರ ಬಾಗಿಲನ್ನು ನಡುರಾತ್ರಿ ತಟ್ಟುವುದು ಮಾತ್ರ ಬೇಡ, ಗುಂಪು ಕುಡಿದಿದ್ದರಂತೂ ಹತ್ತಿರವೂ ಹೋಗಬೇಡಿ. ಆಗ ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವ ಕ್ಯಾಂಪ್ ಹೋಸ್ಟ್ ಬಳಿಗೆ ಹೋಗಿ ನಿಮ್ಮ ಜಾಗದ ಸಂಖ್ಯೆಯನ್ನೂ ಸದ್ದು ಬರುವ ಜಾಗದ ಸಂಖ್ಯೆಯನ್ನೂ ತಿಳಿಸಿ. ಹೋಸ್ಟ್ ಸಾಮಾನ್ಯವಾಗಿ ಸ್ವಯಂಸೇವಕರು, ಅವರು ತಿಳಿಹೇಳಬಲ್ಲರು. ದಂಡ ವಿಧಿಸುವ ಅಧಿಕಾರ ಕಾನೂನುಪಾಲನೆಯ ರೇಂಜರ್‌ಗಳದ್ದು, ಮತ್ತು ಮಾತು ಮೀರಿದರೆ ಹೋಸ್ಟ್ ಅವರನ್ನೇ ಕರೆಸುತ್ತಾರೆ.

ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿ ತಂಗಬೇಕಾಗಿ ಬಂದರೆ ಶೀತಲ ಸರಕಿನ ಟ್ರೇಲರ್‌ಗಳಿಂದ ದೂರ ನಿಲ್ಲಿ. ಅವುಗಳ ತಂಪುಯಂತ್ರ ರಾತ್ರಿಯಿಡೀ ಆಗಾಗ ನಿಂತು ಮತ್ತೆ ಶುರುವಾಗುತ್ತಿರುತ್ತದೆ. ಅಲ್ಲಿ ಯಾರನ್ನೂ ಕೇಳಿ ಫಲವಿಲ್ಲ, ಜಾಗ ಬದಲಿಸುವುದೊಂದೇ ದಾರಿ.

ಉಳಿದ ಸದ್ದಿಗೆ ಫೋಮ್ ಇಯರ್‌ಪ್ಲಗ್ ಒಳ್ಳೆಯ ಉಪಾಯ. ಅದನ್ನು ಬೆರಳುಗಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬಿ ಕೂರುವವರೆಗೆ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದರೆ ಅರ್ಧ ಕೆಲಸವೂ ಆಗದು. ಚಾವಣಿಯ ಫ್ಯಾನಿನ ಒಂದೇ ಸಮನಾದ ಸದ್ದು ದೂರದ ಮಾತುಗಳನ್ನು ಮರೆಮಾಡುತ್ತದೆ. ಆದರೆ ಪಕ್ಕದ ಜನರೇಟರ್‌ನ ಹೊಗೆ ನಿಮ್ಮ ಕಡೆಗೆ ಬರುತ್ತಿದ್ದರೆ ಅದು ನಿದ್ದೆಯ ಪ್ರಶ್ನೆಯಷ್ಟೇ ಅಲ್ಲ, ಪ್ರಾಣದ ಪ್ರಶ್ನೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮತ್ತು ಓಡುತ್ತಿರುವ ಫ್ಯಾನ್ ಅದನ್ನು ಕಿಟಕಿಯಿಂದ ಒಳಗೆಳೆಯಬಹುದು. ಫ್ಯಾನ್ ನಿಲ್ಲಿಸಿ, ಆ ಬದಿಯ ಕಿಟಕಿಗಳನ್ನು ಮುಚ್ಚಿ, ತಡಮಾಡದೆ ಅಲ್ಲಿಂದ ಸರಿಯಿರಿ. ವಾಹನದೊಳಗಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಸಂಜೆ ಗುಂಡಿ ಒತ್ತಿ ಪರೀಕ್ಷಿಸಿ, ಮತ್ತು ಅದು ಕೂಗಿದರೆ ಕೇಳಿಸುವಂತೆ ದೊಡ್ಡವರಲ್ಲಿ ಒಬ್ಬರು ಇಯರ್‌ಪ್ಲಗ್ ಇಲ್ಲದೆ ಮಲಗಲಿ.

ನಮ್ಮಿಂದ ನೆರೆಯವರಿಗಾಗುವ ಸದ್ದನ್ನೂ ಯೋಚಿಸಬೇಕು. ಮುಂಜಾನೆ ಆರು ಗಂಟೆಗೆ ಮುಂಚೆ ಕುಕ್ಕರ್ ಸೀಟಿ ಹೊಡೆದರೆ ಇಡೀ ಲೂಪಿಗೆ ಎಚ್ಚರವಾಗುತ್ತದೆ. ಬೇಳೆಯನ್ನು ಹಿಂದಿನ ಸಂಜೆಯೇ ಬೇಯಿಸಿಟ್ಟುಕೊಳ್ಳಿ, ಬೆಳಿಗ್ಗೆಗೆ ಅವಲಕ್ಕಿಯೋ ಉಪ್ಪಿಟ್ಟೋ ಸಾಕು.