ದಿನಕ್ಕೊಂದೇ ಸಲ ಗ್ಯಾಸ್ ಬದಲಿಸಿ ಗಾಜಿನ ಆರ್‌ಪಿಸಿ ಓಡಿಸಿದೆ

ಆರ್‌ಪಿಸಿ (ರೆಸಿಸ್ಟಿವ್ ಪ್ಲೇಟ್ ಚೇಂಬರ್) ಅಂದರೆ ಎರಡು ಗಾಜಿನ ಹಲಗೆಗಳ ನಡುವೆ ಗ್ಯಾಸ್ ತುಂಬಿ, ವೋಲ್ಟೇಜ್ ಕೊಟ್ಟು, ಹಾದುಹೋಗುವ ಕಣಗಳನ್ನು ಪತ್ತೆ ಹಚ್ಚುವ ಸಾಧನ. ನಮ್ಮ ಎಂಟು ಚೇಂಬರ್‌ಗಳು 14 ತಿಂಗಳಿಂದ ನಿಲ್ಲದೆ ಓಡುತ್ತಿವೆ. ದಕ್ಷತೆ, ಅಂದರೆ ಹಾದುಹೋದ ಕಣಗಳಲ್ಲಿ ಪತ್ತೆಯಾದವು, 95ರಿಂದ 96 ಶೇಕಡಾ. ಗ್ಯಾಸ್ ಖರ್ಚು ಮೊದಲಿನ 50ನೇ ಒಂದು ಪಾಲು. ಇದು ಆಗುವುದಿಲ್ಲ ಎಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಚೇಂಬರ್ ಮಾಮೂಲಿನದೇ. 30 ಸೆಂ.ಮೀ. ಚೌಕ, 3 ಮಿ.ಮೀ. ಕಿಟಕಿ ಗಾಜು, 2 ಮಿ.ಮೀ. ಸಂದು, ಮೇಲೆ ಗ್ರ್ಯಾಫೈಟ್ ಬಣ್ಣ. ಒಳಗೆ ಸುಮಾರು 180 ಸಿಸಿ ಗ್ಯಾಸ್ ಹಿಡಿಯುತ್ತದೆ. ಫ್ರಿಜ್‌ಗೆ ಹಾಕುವ ಆರ್-134ಎ ಗ್ಯಾಸ್ 95 ಶೇಕಡಾ, ಐಸೋಬ್ಯೂಟೇನ್ ನಾಲ್ಕೂವರೆ, ಉಳಿದದ್ದು ಸಲ್ಫರ್ ಹೆಕ್ಸಾಫ್ಲೋರೈಡ್. ವೋಲ್ಟೇಜ್ ಎರಡೂ ಕಡೆ ಸೇರಿ 10 ಕಿಲೋವೋಲ್ಟ್ ಹತ್ತಿರ.

ಮೊದಲು ಒಂದೊಂದು ಚೇಂಬರ್‌ಗೆ ನಿಮಿಷಕ್ಕೆ 6 ಸಿಸಿ ಬಿಡುತ್ತಿದ್ದೆವು. 10 ಕೆ.ಜಿ. ಸಿಲಿಂಡರ್ ತಿಂಗಳಿಗೇ ಹೆಚ್ಚುಕಡಿಮೆ ಖಾಲಿ. ನಮ್ಮ ವರ್ಷದ ಹಣದಲ್ಲಿ ಮೂರನೇ ಒಂದು ಪಾಲು ಬಬ್ಲರ್ (ಗ್ಯಾಸ್ ಎಣ್ಣೆಯಲ್ಲಿ ಗುಳ್ಳೆಯಾಗಿ ಹೊರಬೀಳುವ ಬಾಟಲಿ) ಮೂಲಕ ಹೊರಗೆ ಹೋಗುತ್ತಿತ್ತು. ಎಲೆಕ್ಟ್ರಾನಿಕ್ಸ್ ಬೋರ್ಡ್ ಕೇಳಿದರೆ ದುಡ್ಡಿಲ್ಲ. ಮೇಲಾಗಿ ಈ ಗ್ಯಾಸ್ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ನನಗೆ ಇದು ನಿಜಕ್ಕೂ ಚುಚ್ಚುತ್ತಿತ್ತು.

ದಿನಕ್ಕೆ ಒಂದೇ ಸಲ ಒಳಗಿನ ಗ್ಯಾಸ್ ಬದಲಾಗುವಷ್ಟು ಹರಿವು ಸಾಕು ಎಂದು ನಾನು ಹೇಳಿದೆ. "ಆರ್‌ಪಿಸಿ ಅಂದ್ರೆ ಗ್ಯಾಸ್ ಹರೀತಾನೇ ಇರ್ಬೇಕು ಕಣ್ರೀ, ಮೂರು ವಾರದಲ್ಲಿ ಸಾಯುತ್ತೆ" ಎಂದರು ಹಿರಿಯರೊಬ್ಬರು.

ಮೂರು ವಾರದಲ್ಲಿ ಸತ್ತೇ ಹೋಯಿತು. 40 ನ್ಯಾನೋಆಂಪ್ ಇದ್ದ ಚೇಂಬರಿನ ಕರೆಂಟ್ 2 ಮೈಕ್ರೋಆಂಪ್ ದಾಟಿತು. ದಕ್ಷತೆ 70ಕ್ಕೆ ಇಳಿಯಿತು. ಗಾಜು ಸರಿಯಿಲ್ಲ ಎಂದು ಬದಲಾಯಿಸಿದೆ. ಗ್ಲೂ ಬದಲಾಯಿಸಿದೆ. ಸೋರಿಕೆ ನೋಡಲು ಹೋಗಿ ಒತ್ತಡ ಜಾಸ್ತಿ ಕೊಟ್ಟು ಎರಡು ಚೇಂಬರ್‌ಗಳ ಬಟನ್ (ಎರಡು ಗಾಜಿನ ನಡುವೆ ಸಂದು ಹಿಡಿದಿಡಲು ಅಂಟಿಸಿದ ಬಿಲ್ಲೆ) ಕಿತ್ತುಬಂದವು. ಹೆಚ್ಚು ಕಡಿಮೆ ಒಂದು ವರ್ಷ ಹೀಗೇ ಕಳೆಯಿತು. ಆ ವರ್ಷ ನನ್ನ ಹೆಸರಿನಲ್ಲಿ ಒಂದೂ ಪ್ರಬಂಧ ಇಲ್ಲ.

ಕೊನೆಗೆ ಒಂದನ್ನು ಬಿಚ್ಚಿ ನೋಡಿದರೆ ಗಾಜಿನ ಒಳಮೈ ಮೇಲೆ ಬಿಳಿ ಪೊರೆ. ಆಗ ಹೊಳೆಯಿತು, ತೇವ! ನೀರಿನ ಆವಿ ಇದ್ದಲ್ಲಿ ಡಿಸ್ಚಾರ್ಜ್ ಆದರೆ ಫ್ಲೋರಿನ್ ಆಮ್ಲವಾಗಿ ಗಾಜನ್ನು ತಿನ್ನುತ್ತದೆ. ಜಪಾನಿನ ಬೆಲ್ (Belle) ಎಂಬ ಕಣಭೌತ ಪ್ರಯೋಗದವರಿಗೂ ಇದೇ ಆಗಿತ್ತು. ಅವರ ಪ್ಲಾಸ್ಟಿಕ್ ಕೊಳವೆಯ ಗೋಡೆಯಿಂದಲೇ ಆವಿ ಒಳಗೆ ಇಳಿಯುತ್ತಿತ್ತು. ಅವರು ತಾಮ್ರದ ಕೊಳವೆ ಹಾಕಿ ಗೆದ್ದರು. ನಮ್ಮದೂ ಪ್ಲಾಸ್ಟಿಕ್ಕೇ, ಹತ್ತು ಮೀಟರ್ ಉದ್ದ. ಹರಿವು ಜಾಸ್ತಿ ಇದ್ದಾಗ ಆ ತೇವ ಕೊಚ್ಚಿಹೋಗುತ್ತಿತ್ತು. ಹರಿವು ಇಳಿಸಿದಾಗ ಒಳಗೇ ಕೂತಿತು. ಅಂದರೆ ಚೇಂಬರ್ ಕೊಂದದ್ದು ಕಡಿಮೆ ಹರಿವಲ್ಲ, ಕೊಳವೆ.

ಎಲ್ಲಾ ತಾಮ್ರ ಹಾಕಿದೆ. ಬಬ್ಲರ್ ತನಕವೂ ತಾಮ್ರವೇ, ಕೊನೆಯ ಅರ್ಧ ಮೀಟರನ್ನೂ ಬಿಡಬೇಡಿ. ಇದಕ್ಕಾದ ಖರ್ಚು ಎರಡು ತಿಂಗಳ ಗ್ಯಾಸ್ ಖರ್ಚಿಗಿಂತ ಕಡಿಮೆ. ಕರೆಂಟ್ 50 ನ್ಯಾನೋಆಂಪ್‌ಗೆ ಬಂದು ಅಲ್ಲೇ ನಿಂತಿತು. ಮೊದಲೇ ತೇವ ತಿಂದಿದ್ದ ಎರಡು ಮಾತ್ರ ಎಷ್ಟು ಒಣ ಗ್ಯಾಸ್ ಬಿಟ್ಟರೂ ಚೇತರಿಸಿಕೊಳ್ಳಲಿಲ್ಲ, ಎಸೆದೆ.

ಇಷ್ಟು ಸಣ್ಣ ಹರಿವು ನಮ್ಮ ಫ್ಲೋ ಕಂಟ್ರೋಲರ್‌ಗೆ ಎಟುಕುವುದಿಲ್ಲ. ಕ್ಯಾಪಿಲರಿ (ತೀರ ಸಣ್ಣ ತೂತಿನ ಕೊಳವೆ) ಹಾಕಿದೆ. ನಿಮಿಷಕ್ಕೆ ಹೆಚ್ಚು ಕಡಿಮೆ ಒಂದು ಗುಳ್ಳೆ ಬಂದರೆ ಸರಿ. ಎಂಟೂ ಕ್ಯಾಪಿಲರಿಗಳು ಒಂದೇ ಸಮ ಹರಿಯುವಂತೆ ಮಾಡುವುದು ಹೇಗೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ನಾನು ನಾಲ್ಕು ತಿಂಗಳು ಕೂತಿದ್ದೇನೆ. ಗ್ರ್ಯಾಫೈಟ್ ಬಣ್ಣದ ಮಿಶ್ರಣವೂ ಅಷ್ಟೇ. ಬಣ್ಣದ ಪದರದ ವಿದ್ಯುತ್ ರೋಧ ಚೌಕಕ್ಕೆ 1 ಮೆಗಾಓಮ್ ಆಸುಪಾಸು ಬಂದರೆ ಸಾಕು ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ಪೆಟ್ಟು ಎಸಿಯಿಂದ ಬಿತ್ತು. ಕೋಣೆ ಬೇಗ ತಣ್ಣಗಾದರೆ ಒಳಗಿನ ಗ್ಯಾಸ್ ಕುಗ್ಗುತ್ತದೆ. ಕ್ಯಾಪಿಲರಿಯಿಂದ ಬರುವುದು ಸಾಲದೆ ಬಬ್ಲರ್ ಎಣ್ಣೆ ಕೊಳವೆಯಲ್ಲಿ ಮೇಲೇರಿತು. ಇನ್ನೊಂದು ಗೇಣು ಏರಿದ್ದರೆ ಚೇಂಬರ್ ಒಳಗೇ. ಏರಿದ ಎಣ್ಣೆ ಅದರಲ್ಲೇ ನಿಲ್ಲಲಿ ಎಂದು ಈಗ ನಡುವೆ ಒಂದು ಖಾಲಿ ಬಾಟಲಿ ಇದೆ.

ದಕ್ಷತೆ ಅಳೆಯುವುದರಲ್ಲೂ ಒಮ್ಮೆ ಮೋಸ ಹೋದೆ. ಎಷ್ಟು ವೋಲ್ಟೇಜ್ ಏರಿಸಿದರೂ 88 ದಾಟುತ್ತಿರಲಿಲ್ಲ. ಚೇಂಬರ್ ಬೈದುಕೊಂಡು ಹದಿನೈದು ದಿನ ಕಳೆದೆ. ಕಣ ಹಾದರೆ ಮಿನುಗುವ, ಎಣಿಕೆಗೆ ಇಟ್ಟ ಸಿಂಟಿಲೇಟರ್ ಪ್ಯಾಡಲ್, ಚೇಂಬರಿನ ಸಿಗ್ನಲ್ ಹಿಡಿಯುವ 3 ಸೆಂ.ಮೀ. ಸ್ಟ್ರಿಪ್‌ಗಿಂತ ಅಗಲ ಇತ್ತು, ಅಷ್ಟೇ. ಸ್ಟ್ರಿಪ್ ಪಕ್ಕದಲ್ಲಿ ಹೋದ ಮ್ಯುವಾನನ್ನೂ (ಆಕಾಶದಿಂದ ಬೀಳುವ ಕಣ) ಲೆಕ್ಕ ಹಿಡಿಯುತ್ತಿತ್ತು. 2 ಸೆಂ.ಮೀ. ಪ್ಯಾಡಲ್ ಇಟ್ಟ ಸಂಜೆಯೇ 96 ಬಂತು.

ದುಡ್ಡು ಉಳಿಯಿತಲ್ಲ, ಆಸೆ ಹುಟ್ಟಿತು. ಸಲ್ಫರ್ ಹೆಕ್ಸಾಫ್ಲೋರೈಡ್ ಪೂರ್ತಿ ನಿಲ್ಲಿಸಿ ನೋಡಿದೆ. ಸ್ಟ್ರೀಮರ್‌ಗಳು (ಅಳತೆ ಮೀರಿದ ದೊಡ್ಡ ಡಿಸ್ಚಾರ್ಜ್) ಹೆಚ್ಚಾಗಿ ಪಕ್ಕದ ಸ್ಟ್ರಿಪ್‌ಗಳೂ ಬಡಿದುಕೊಂಡವು. ಮರುದಿನವೇ ಅದನ್ನು ಮತ್ತೆ ಹಾಕಿದೆ.

ಈಗ ಒಂಬತ್ತನೇ ಚೇಂಬರ್‌ಗೆ ಆರ್-134ಎ ಬದಲು ಎಚ್‌ಎಫ್‌ಒ (ಭೂಮಿಯನ್ನು ಅಷ್ಟು ಬಿಸಿ ಮಾಡದ ಫ್ರಿಜ್ ಗ್ಯಾಸ್) ಮತ್ತು ಇಂಗಾಲದ ಡೈಆಕ್ಸೈಡ್ ಬೆರೆಸಿ ಬಿಟ್ಟಿದ್ದೇನೆ. ಹರಿವು ಅದೇ, ಕೊಳವೆ ತಾಮ್ರದ್ದೇ. ವೋಲ್ಟೇಜ್ ಮಾತ್ರ ಇನ್ನೂ ಮೇಲಕ್ಕೆ ಬೇಕು. ಆರನೇ ವಾರ ನಡೆಯುತ್ತಿದೆ, ಕರೆಂಟ್ ಅಲುಗಿಲ್ಲ.