ಮಳೆಗಾಲದಲ್ಲಿ ಬಾಗಿದ ಬೇಕಲ ಕೋಟೆ

ಮೇಜಿನ ಮೇಲಿನ ಯುದ್ಧದಾಟಕ್ಕೆ 28 ಮಿ.ಮೀ. ಅಳತೆಯ ಸೈನಿಕ ಗೊಂಬೆಗಳಿಗೆ ಹೊಂದುವಂತೆ ಬೇಕಲ ಕೋಟೆಯ ಒಂದು ಬುರುಜು ಮಾಡುತ್ತಿದ್ದೆ. ಕೆಳದಿಯ ಶಿವಪ್ಪ ನಾಯಕನ ಕೋಟೆ ಕಾಸರಗೋಡಿನವರಿಗೆ ಅಂಗಳದ ಸಂಗತಿ. ಆದರೆ ಆಟಿಯ ಮಳೆ ಹಿಡಿದದ್ದೇ ತಡ, ಅಡಿಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೂಲೆಗಳು ಹಪ್ಪಳದಂತೆ ಮೇಲೆದ್ದವು.

ಕಾರಣ ಸರಳ. ಮೇಲ್ಮೈಗೆ ಹಚ್ಚಿದ ಅಂಟು, ಮರಳು, ಬಣ್ಣ ಒಣಗುವಾಗ ಕುಗ್ಗಿ ಹಲಗೆಯನ್ನು ಎಳೆಯುತ್ತವೆ. ಬರಿದಾದ ತಳ ತೇವ ಹೀರಿ ಹಿಗ್ಗುತ್ತದೆ. ಭಾರ ಹೇರಿದರಷ್ಟೇ ಸಾಲದು, ತೆಗೆದೊಡನೆ ಮತ್ತೆ ಏಳುತ್ತದೆ. ಹಾಗಾಗಿ ಮರದ ಬಿಳಿ ಅಂಟಿಗೆ ನೀರು ಬೆರೆಸಿ ತಳಕ್ಕೂ ಬಳಿದೆ. ಅದು ಒಣಗುತ್ತಾ ಎದುರು ದಿಕ್ಕಿಗೆ ಎಳೆಯಿತು. ಚಪ್ಪಟೆಯಾದ ಮೇಲೆ ತಳಕ್ಕೆ ಎಣ್ಣೆ ಬಣ್ಣ. ಅಂಚುಗಳಿಗೆ ಎರಡು ಕೈ ಹೆಚ್ಚೇ ಇರಲಿ, ಎಂಡಿಎಫ್ ನೀರು ಕುಡಿಯುವುದು ಅಲ್ಲಿಂದಲೇ.

ಕೋಟೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಬಣ್ಣಕ್ಕೆ ಇಟ್ಟಿಗೆ ಕೆಂಪು ಮಾತ್ರ ಬಳಿದರೆ ಗೋಡೆ ಹೊಸ ಕಾಂಪೌಂಡಿನಂತೆ ಕಾಣುತ್ತದೆ. ಮೊದಲು ಗೋಡೆಯ ಥರ್ಮಾಕೋಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಒತ್ತಿ ಸಣ್ಣ ಕುಳಿಗಳನ್ನು ಮಾಡಿದೆ. ಕಡುಕಂದು ಅಕ್ರಿಲಿಕ್ ಒಣಗಿದ ಮೇಲೆ, ಬಟ್ಟೆಗೆ ಒರೆಸಿದ ಕುಂಚದಿಂದ ಉಬ್ಬುಗಳಿಗಷ್ಟೇ ಕಾವಿ, ನಂತರ ತುಸು ಹಳದಿ ಸವರಿದೆ. ಮಳೆನೀರು ಇಳಿಯುವ ಕಡೆ ಪಾಚಿಯ ಕಪ್ಪು ಗೆರೆ ಎಳೆದ ಮೇಲೆಯೇ ಅದು ಬೇಕಲವಾದದ್ದು. ಸ್ಪ್ರೇ ಬಣ್ಣದ ಗೋಜಿಗೆ ಹೋಗಬೇಡಿ. ಅದರ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ.