ಬೆಕ್ಕಿನ ಕಿಂಡಿಗೆ ರೀಡ್ ಸ್ವಿಚ್ ಸರ್ಕ್ಯೂಟ್: ಉಪ್ಪುಗಾಳಿಯ ಊರಿನವರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಬೆಕ್ಕಿಗೆಂದು ಕಿಂಡಿ ಬಿಟ್ಟರೆ ಪಕ್ಕದ ಮನೆಯ ಬೆಕ್ಕೂ ಬರುತ್ತದೆ, ಮುಂಗುಸಿಯೂ ಬರುತ್ತದೆ. ಒಣಮೀನಿನ ವಾಸನೆ ಅಂಥದ್ದು. ದೇಹದ ಬಿಸಿ ಗುರುತಿಸಿ ಯಾರು ಸುಳಿದರೂ ತೆರೆಯುವ ಪಿಐಆರ್ ಸೆನ್ಸರ್ ಇದಕ್ಕಾಗದು. ಕಾಲರ್‌ಗೆ ಆಯಸ್ಕಾಂತ, ಚೌಕಟ್ಟಿಗೆ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದಾಗ ಕೂಡುವ ಸ್ವಿಚ್) ಇದ್ದರೆ ಸಾಕು. ರೀಡ್ ಸ್ವಿಚ್ಚಿನ ಕಾಂಟ್ಯಾಕ್ಟ್‌ಗಳು ಗಾಜಿನ ಕೊಳವೆಯೊಳಗೆ ಇರುವುದರಿಂದ ಅವಕ್ಕೆ ತುಕ್ಕಿನ ಭಯವಿಲ್ಲ.

ಬೇಕಾದದ್ದು: 555 ಟೈಮರ್ ಐಸಿ, ರೀಡ್ ಸ್ವಿಚ್ 4, ಟಿಐಪಿ122 ಟ್ರಾನ್ಸಿಸ್ಟರ್, 1ಎನ್4007 ಡಯೋಡ್, 12 ವೋಲ್ಟ್ ಸೊಲೆನಾಯ್ಡ್ ಲಾಕ್ (ಕರೆಂಟು ಕೊಟ್ಟರೆ ಬೋಲ್ಟನ್ನು ಎಳೆದುಕೊಳ್ಳುವ ಬೀಗ), 12 ವೋಲ್ಟ್ 2 ಆಂಪ್ ಅಡಾಪ್ಟರ್. ರೆಸಿಸ್ಟರ್ (ಕೆ ಎಂದರೆ ಕಿಲೋಓಮ್): 1ಕೆ ಒಂದು, 10ಕೆ ಒಂದು, 100ಕೆ ಎರಡು. ಕೆಪಾಸಿಟರ್: 47 ಮತ್ತು 1000 ಮೈಕ್ರೋಫ್ಯಾರಡ್ ಒಂದೊಂದು, 0.1 ಎರಡು, 0.01 ಒಂದು.

555ರ 1ನೇ ಪಿನ್ ಗ್ರೌಂಡಿಗೆ, 4 ಮತ್ತು 8 ಪ್ಲಸ್‌ಗೆ. 6 ಮತ್ತು 7ನ್ನು ಜೋಡಿಸಿ, ಅಲ್ಲಿಂದ ಪ್ಲಸ್‌ಗೆ 100ಕೆ, ಗ್ರೌಂಡಿಗೆ 47 ಮೈಕ್ರೋಫ್ಯಾರಡ್. ಲಾಕ್ ಸುಮಾರು 5 ಸೆಕೆಂಡ್ ತೆರೆದಿರುತ್ತದೆ. 5ನೇ ಪಿನ್ನಿನಿಂದ ಗ್ರೌಂಡಿಗೆ 0.01. 3ನೇ ಪಿನ್ನಿನಿಂದ 1ಕೆ ಮೂಲಕ ಟಿಐಪಿ122ರ ಬೇಸ್‌ಗೆ. ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಮತ್ತು ಪ್ಲಸ್ ನಡುವೆ ಸೊಲೆನಾಯ್ಡ್. ಸೊಲೆನಾಯ್ಡಿಗೆ ಅಡ್ಡಲಾಗಿ ಡಯೋಡ್, ಬಿಳಿ ಗೆರೆ ಪ್ಲಸ್ ಕಡೆಗೆ. ಇದನ್ನು ಬಿಟ್ಟರೆ ಕಾಯಿಲ್ ಆಫ್ ಆದಾಗ ಹುಟ್ಟುವ ಹಿಮ್ಮುಖ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಸುಡುತ್ತದೆ. ಲಾಕಿನ ಹತ್ತಿರ 1000, ಐಸಿಯ ಪಕ್ಕದಲ್ಲೇ ಒಂದು 0.1 ಕೆಪಾಸಿಟರನ್ನು ಪ್ಲಸ್ ಮತ್ತು ಗ್ರೌಂಡ್ ನಡುವೆ ಹಾಕಿ.

ಬಹಳ ಜನ ಎಡವುವುದು 2ನೇ ಪಿನ್ನಿನಲ್ಲಿ. ರೀಡ್ ಸ್ವಿಚ್ಚನ್ನು ನೇರವಾಗಿ ಅದಕ್ಕೆ ಕೊಟ್ಟರೆ, ಬೆಕ್ಕು ಕಿಂಡಿಯಲ್ಲೇ ಕೂತು ಮೈ ನೆಕ್ಕುತ್ತಿರುವಷ್ಟು ಹೊತ್ತೂ ಸೊಲೆನಾಯ್ಡ್ ಆನ್ ಆಗಿಯೇ ಇದ್ದು ಬಿಸಿಯಾಗುತ್ತದೆ. ಅದಕ್ಕೇ ನಡುವೆ ಇನ್ನೊಂದು 0.1 ಕೆಪಾಸಿಟರ್ ಬೇಕು. ಪಿನ್ ಬದಿಯಿಂದ ಪ್ಲಸ್‌ಗೆ 10ಕೆ, ರೀಡ್ ಬದಿಯಿಂದ ಪ್ಲಸ್‌ಗೆ 100ಕೆ. ರೀಡಿನ ಇನ್ನೊಂದು ತುದಿ ಗ್ರೌಂಡಿಗೆ. ಆಗ ಸ್ವಿಚ್ ಕೂಡಿದ ಕ್ಷಣ ಮಾತ್ರ ಟ್ರಿಗರ್ ಸಿಗುತ್ತದೆ.

ನಾಲ್ಕೂ ರೀಡ್‌ಗಳನ್ನು ಪ್ಯಾರಲಲ್ ಮಾಡಿ, ಎರಡನ್ನು ಅಡ್ಡ, ಎರಡನ್ನು ಉದ್ದ ಕೂರಿಸಿ. ಆಯಸ್ಕಾಂತದ ಧ್ರುವ ರೀಡಿನ ನಟ್ಟನಡುವಿಗೆ ನೇರ ಎದುರಾದರೆ ಸ್ವಿಚ್ ಕೂಡುವುದೇ ಇಲ್ಲ. 10 ಮಿಮೀ ನಿಯೋಡಿಮಿಯಮ್ ತುಂಡಿಗೆ ಎರಡು-ಮೂರು ಸೆಂಟಿಮೀಟರ್ ಅಂತರವಷ್ಟೇ ನಂಬಿಕೆಗೆ ಯೋಗ್ಯ. ರೀಡಿನ ಕಾಲು ಬಗ್ಗಿಸುವಾಗ ಗಾಜಿಗೂ ಬಾಗುವ ಜಾಗಕ್ಕೂ ನಡುವೆ ಕಾಲನ್ನೇ ಇಕ್ಕಳದಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ಕಾಲರ್ ಎಳೆದರೆ ಬಿಚ್ಚಿಕೊಳ್ಳುವಂಥದ್ದಿರಲಿ. ಆಯಸ್ಕಾಂತ ಕಬ್ಬಿಣಕ್ಕೆ ಕಚ್ಚಿಕೊಂಡರೆ ಬೆಕ್ಕಿನ ಕುತ್ತಿಗೆಗೆ ಅಪಾಯ.

ಬೆಸುಗೆಯ ಜಾಗಗಳಿಗೆ ಹೀಟ್‌ಶ್ರಿಂಕ್ ಸ್ಲೀವ್, ಬೋರ್ಡಿಗೆ ಪಿಸಿಬಿ ಲ್ಯಾಕರ್. ಸಿಲಿಕೋನ್ ಹಚ್ಚುವುದಾದರೆ ನ್ಯೂಟ್ರಲ್ ಕ್ಯೂರ್ ಎಂದು ಕೇಳಿ ತನ್ನಿ. ವಿನೆಗರ್ ವಾಸನೆಯ ಸಿಲಿಕೋನ್ ಆಮ್ಲ ಬಿಟ್ಟು ತಾಮ್ರವನ್ನು ಹಸಿರುಗಟ್ಟಿಸುತ್ತದೆ.

ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಾಗಿಲ ಸುತ್ತ 3-4 ಮಿಮೀ ಸಂದು ಬಿಡಿ. ಬೆಕ್ಕು ತಲೆಯಿಂದ ತಳ್ಳುತ್ತಿದ್ದರೆ ಬೋಲ್ಟ್ ಬಿಗಿಯಾಗಿ ಸೊಲೆನಾಯ್ಡ್ ಎಳೆಯಲಾರದು. ಹಾಗಾಗಿ ರೀಡ್‌ಗಳು ಬಾಗಿಲಿಗಿಂತ 5 ಸೆಂಮೀ ಮುಂದೆಯೇ ಇರಲಿ. ಕರೆಂಟು ಹೋದರೆ ಈ ಲಾಕ್ ಮುಚ್ಚಿಯೇ ಇರುತ್ತದೆ. ಲಾಕನ್ನು ಚೌಕಟ್ಟಿಗೆ ಕೂರಿಸಿ ಬೋಲ್ಟಿನ ಇಳಿಜಾರು ಮುಖವನ್ನು ಒಳಕ್ಕೆ ತಿರುಗಿಸಿದರೆ ಹೊರಗಿದ್ದ ಬೆಕ್ಕು ಬಾಗಿಲು ತಳ್ಳಿ ಒಳಗೆ ಬರಲಾಗದು, ಒಳಗಿದ್ದದ್ದು ತಳ್ಳಿ ಹೊರಗೆ ಹೋಗಬಹುದು.